ಕೆಳದಿಯ ನಾಡಿಗೆ ಬಂದ ಕ್ರೈಸ್ತರು
(ಕತಗಾಲದಲ್ಲಿ ಮಾಡಿದ ಭಾಷಣ)



ಕತಗಾಲಕ್ಕೆ ಬಂದಮೇಲೆ ಚಂದಾವರದ ಇಗರ್ಜಿಯ ಮಾತೆತ್ತದೆ ಹೋಗಲಾರೆ. 1517ರಲ್ಲಿ ಲೂಥರ್ ಎತ್ತಿದ ಪ್ರಶ್ನೆಗಳಿಂದ ಯುರೋಪಿನ ಚರ್ಚು ಒಡೆಯಿತು. ರೋಮ್ ಒಂದಿಷ್ಟು ತಿದ್ದಿಕೊಂಡಿತು, ಬಹಳಷ್ಟು ಬಿಗಿಯಾಯಿತು. ಆ ಬಿಗಿ 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯವಾಗಿ ಗೋವೆಗೂ ಬಂತು. ಅದರ ಭಯ, ಬರ, ತೆರಿಗೆ, ಯುದ್ಧ ಎಲ್ಲ ಸೇರಿ ಕೊಂಕಣಿ ಕ್ರೈಸ್ತರನ್ನು ಈ ಕರಾವಳಿಗೆ ದೂಡಿದವು. ನೆಲೆ ಕೊಟ್ಟವರು ಇಷ್ಟಲಿಂಗಧಾರಿಗಳಾದ ಕೆಳದಿಯ ಅರಸರು. ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ, 1678ರ ಒಪ್ಪಂದದಂತೆ, ಮಿರ್ಜಾನ, ಚಂದಾವರ, ಭಟ್ಕಳಗಳಲ್ಲಿ ಇಗರ್ಜಿ ಕಟ್ಟಲು ಅಪ್ಪಣೆಯಾಯಿತು. ಅಕ್ಕಿ ವ್ಯಾಪಾರದ ಲೆಕ್ಕವೂ ಅದರಲ್ಲಿತ್ತೆನ್ನಿ, ಇರಲಿ.

1681ರಲ್ಲಿ ಗೋವೆಯ ಪಾದ್ರಿ ಜೋಸೆಫ್ ವಾಜ್ ಇಲ್ಲಿಗೆ ಬಂದಾಗ ಕ್ರೈಸ್ತರಲ್ಲೇ ಎರಡು ಬಣ. ಪೋರ್ಚುಗೀಸರ ಅಧಿಕಾರಕ್ಕೆ ಒಳಪಟ್ಟವರದೊಂದು, ರೋಮ್ ನೇರವಾಗಿ ನೇಮಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೋ ಅವರದೊಂದು. ಮಠದ ವ್ಯಾಜ್ಯ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ! ಗೋವೆಯ ಪರವಾಗಿ ಬಂದಿದ್ದರೂ ವಾಜ್ ಜಗಳ ಬೆಳೆಸಲಿಲ್ಲ, ರಾಜಿಗೆ ದುಡಿದರು.

ಆದರೆ ಆ ವಲಸಿಗರು ಜಾತಿಯನ್ನೂ ಗಂಟು ಕಟ್ಟಿ ತಂದಿದ್ದರು. ಬಾಮಣ್, ಚಾರಡಿ, ಸುದಿರ್ ಎಂಬ ಭೇದ ಜ್ಞಾನಸ್ನಾನದ ನೀರಿಗೂ ಕರಗಲಿಲ್ಲ. ನಗಬೇಡಿ. ಬಸವಣ್ಣನವರ ಹೆಸರಿನಲ್ಲೇ ನಡೆಯುವ ನಮ್ಮ ವಧೂವರರ ಸಮಾವೇಶದ ಅರ್ಜಿಗಳಲ್ಲಿ ‘ಒಳಪಂಗಡ’ ಎಂಬ ಕಾಲಂ ಇನ್ನೂ ಇದೆ. ಬರುವ ಸಮಾವೇಶದ ಅರ್ಜಿ ಅಚ್ಚಾಗುವ ಮೊದಲು ಅದನ್ನು ತೆಗೆಸಿ ಎಂದು ಇಲ್ಲಿ ಕುಳಿತ ಹಿರಿಯರನ್ನು ಕೇಳಿಕೊಳ್ಳುತ್ತೇನೆ.