ನೀಳ ತೋಳಿನ ಭಾರಯಂತ್ರ

ಭಾರವನ್ನು ಎತ್ತುವುದು ಒಂದು ಕೆಲಸ. ಎತ್ತಿದ ಭಾರವನ್ನು ಮುಂದಕ್ಕೆ ಚಾಚಿ ಬೇಕಾದ ಎಡೆಯಲ್ಲಿ ಇಡುವುದು ಇನ್ನೊಂದು ಕೆಲಸ. ತುಂಬಿದ ಕೊಡವನ್ನು ಸೊಂಟದ ಮೇಲೆ ಹೊತ್ತು ಹರದಾರಿ ನಡೆಯಬಲ್ಲ ಹೆಂಗಸು, ಅದೇ ಕೊಡವನ್ನು ಕೈನೀಡಿ ಹಿಡಿದು ಒಂದು ನಿಮಿಷ ನಿಲ್ಲಲಾರಳು. ಕೊಡದ ತೂಕ ಬದಲಾಗಲಿಲ್ಲ, ದೂರ ಬದಲಾಯಿತು. ಕಾರಖಾನೆ ಕಟ್ಟುವ ಕಡೆಗಳಲ್ಲಿಯೂ ಗಣಿಗಳಲ್ಲಿಯೂ ಇಂದು ಕಾಣಬರುವ ಟೆಲಿಹ್ಯಾಂಡ್ಲರ್ ಎಂಬ ಯಂತ್ರದ ಶಕ್ತಿ ಮತ್ತು ಅಪಾಯ ಎರಡೂ ಈ ಸಣ್ಣ ಸಂಗತಿಯಲ್ಲಿಯೇ ಅಡಗಿವೆ. ಆ ಯಂತ್ರದ ವಿಚಾರವನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಯಂತ್ರದ ರೂಪ. ನಾಲ್ಕು ದೊಡ್ಡ ಗಾಲಿಗಳ ಮೇಲೆ ಗಟ್ಟಿಯಾದ ಚೌಕಟ್ಟು. ಒಂದು ಪಕ್ಕದಲ್ಲಿ ಚಾಲಕನ ಗೂಡು. ಹಿಂಭಾಗದಲ್ಲಿ ಕೀಲುಗೊಂಡು ಮುಂದಕ್ಕೆ ಚಾಚಿಕೊಂಡ ಉಕ್ಕಿನ ತೋಳು. ದುರ್ಬೀನಿನ ನಳಿಗೆಗಳಂತೆ ಈ ತೋಳಿನ ಭಾಗಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಎಣ್ಣೆಯ ಒತ್ತಡದಿಂದ ಅವು ಹೊರಕ್ಕೆ ಜಾರುತ್ತವೆ, ಒಳಕ್ಕೆ ಸರಿಯುತ್ತವೆ, ಮೇಲಕ್ಕೆ ಏಳುತ್ತವೆ. ತೋಳಿನ ತುದಿಗೆ ಕವೆಗೋಲಿನಂತಹ ಎರಡು ಉಕ್ಕಿನ ಕೈಗಳನ್ನೋ, ಬಕೆಟ್ಟನ್ನೋ, ಕೊಕ್ಕೆಯನ್ನೋ ಕೆಲಸಕ್ಕೆ ತಕ್ಕಂತೆ ತಗುಲಿಸಬಹುದು. ಕ್ರೇನು ಭಾರವನ್ನು ಮೇಲಿನಿಂದ ತೂಗುಹಾಕುತ್ತದೆ. ಇದು ಭಾರದ ಅಡಿಗೆ ಕೈಕೊಟ್ಟು ಎತ್ತುತ್ತದೆ. ಆದುದರಿಂದ ಮಾಡಿನ ಕೆಳಗೆ, ಗೋಡೆಯ ಕಿಂಡಿಯೊಳಗೆ, ಕ್ರೇನಿನ ಹಗ್ಗ ಹೋಗಲಾರದ ಕಡೆಗೆ ಇದು ಸಾಮಾನನ್ನು ತಲಪಿಸಬಲ್ಲದು.

ಇದರ ವಂಶ ಬಹಳ ಹಳೆಯದಲ್ಲ. ೧೯೫೮ರಲ್ಲಿ ಫ್ರಾನ್ಸಿನ ಆನ್ಸನೀ ಎಂಬ ಊರಿನಲ್ಲಿ ಮಾರ್ಸೆಲ್ ಬ್ರೋ ಎಂಬುವರು ಟ್ರ್ಯಾಕ್ಟರನ್ನು ಹಿಂದುಮುಂದಾಗಿಸಿ, ಅದಕ್ಕೆ ಭಾರ ಎತ್ತುವ ಕಂಬವನ್ನು ಜೋಡಿಸಿದರು. ಕೆಸರುನೆಲದಲ್ಲಿಯೂ ನಡೆಯಬಲ್ಲ ಎತ್ತುಬಂಡಿ ಹೀಗೆ ಹುಟ್ಟಿತು. ಇಂದಿನ ಮ್ಯಾನಿಟೂ ಯಂತ್ರಗಳ ಮೂಲ ಅದೇ. ಜೆಸಿಬಿ ಎಂದರೆ ನಮ್ಮ ಹಳ್ಳಿಗಳಲ್ಲಿ ಮಣ್ಣು ಅಗೆಯುವ ಹಳದಿ ಯಂತ್ರ. ಆ ಹೆಸರಿನ ಇಂಗ್ಲೆಂಡಿನ ಸಂಸ್ಥೆ ೧೯೭೭ರಲ್ಲಿ ಲೋಡಾಲ್ ಎಂಬ ಚಾಚುತೋಳಿನ ಯಂತ್ರವನ್ನು ಹೊರತಂದಿತು. ಮೊದಲು ಹುಲ್ಲಿನ ಹೊರೆ, ಇಟ್ಟಿಗೆಯ ಅಟ್ಟಣೆಗಳನ್ನು ಎತ್ತುತ್ತಿದ್ದ ಈ ಜಾತಿ ಬರಬರುತ್ತ ಬೆಳೆದು, ಈಗ ೩೦ ಟನ್ನಿಗೂ ಮಿಕ್ಕಿದ ಭಾರವನ್ನು ಎತ್ತುವ ಯಂತ್ರಗಳು ಬಂದಿವೆ. ದೊಡ್ಡ ಗಣಿಗಳಲ್ಲಿ ಅದಿರು ಸಾಗಿಸುವ ಅತಿ ದೊಡ್ಡ ಲಾರಿಗಳ ಒಂದೊಂದು ಟೈರಿನ ಎತ್ತರ ಸುಮಾರು ೪ ಮೀಟರು. ತೂಕ ೫ ಟನ್ನಿಗೂ ಮೇಲು. ಅದನ್ನು ಎರಡು ಹಿಡಿಕೈಗಳಿಂದ ತಬ್ಬಿ ಎತ್ತಿ, ತಿರುಗಿಸಿ, ಗಾಲಿಯ ಗುಂಬಕ್ಕೆ ಸರಿಯಾಗಿ ಕೂರಿಸುವ ಕೆಲಸವನ್ನು ಈ ಭಾರಿ ಟೆಲಿಹ್ಯಾಂಡ್ಲರುಗಳೂ ಮಾಡುತ್ತವೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಈ ಯಂತ್ರ ಎಷ್ಟು ಎತ್ತಬಲ್ಲದು? ಮೈಮೇಲೆ ಬರೆದ ಸಂಖ್ಯೆಯನ್ನು ನೋಡಿ ಉತ್ತರ ಹೇಳುವವನು ಅರ್ಧ ಉತ್ತರವನ್ನು ಮಾತ್ರ ಹೇಳಿದಂತಾಯಿತು. ಬಾವಿಯ ಏತವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಏತದ ಮರದ ಮೇಲೆ ಆಳು ತುದಿಯತ್ತ ನಡೆದಷ್ಟೂ ಅವನ ತೂಕಕ್ಕೆ ಬಲ ಹೆಚ್ಚು. ಟೆಲಿಹ್ಯಾಂಡ್ಲರಿನಲ್ಲಿ ಮುಂದಿನ ಗಾಲಿಗಳೇ ಏತದ ಕವೆಗಂಬ. ಹಿಂದೆ ಯಂತ್ರದ ತೂಕ, ಮುಂದೆ ಹೊರೆ.

ಒಂದು ಲೆಕ್ಕ ಮಾಡೋಣ. ಯಂತ್ರದ ತೂಕ ೧೨ ಟನ್ನು, ಆ ತೂಕದ ಕೇಂದ್ರ ಮುಂದಿನ ಗಾಲಿಗಳಿಂದ ಒಂದೂವರೆ ಮೀಟರು ಹಿಂದೆ ಇದೆಯೆಂದು ಇಟ್ಟುಕೊಳ್ಳಿ. ಗುಣಿಸಿದರೆ ೧೮. ಮುಂದೆ ೩ ಮೀಟರು ದೂರದಲ್ಲಿ ೬ ಟನ್ನು ಇಟ್ಟರೆ ಅದೂ ೧೮. ತಕ್ಕಡಿ ಸಮವಾಯಿತು, ಹಿಂದಿನ ಗಾಲಿ ನೆಲ ಬಿಡುವ ಹೊತ್ತು ಬಂತು. ಅದೇ ತೋಳು ೯ ಮೀಟರು ಚಾಚಿದರೆ ೨ ಟನ್ನಿಗೇ ಆ ಹೊತ್ತು ಬರುತ್ತದೆ. ನಿಜವಾಗಿ ಅದಕ್ಕೂ ಮೊದಲೇ ಬರುತ್ತದೆ. ಏಕೆಂದರೆ ಚಾಚಿದ ತೋಳಿನ ತೂಕವೂ ಮುಂದಕ್ಕೆ ಸರಿದಿರುತ್ತದೆ.

ಆದುದರಿಂದಲೇ ನಾಲ್ಕು ಟನ್ನಿನ, ಹದಿನೇಳು ಮೀಟರಿನ ಯಂತ್ರವೆಂದರೆ ೪ ಟನ್ನನ್ನು ೧೭ ಮೀಟರಿಗೆ ಎತ್ತುವ ಯಂತ್ರವೆಂದು ಅರ್ಥವಲ್ಲ. ೪ ಟನ್ನು ತೋಳು ಒಳಗಿದ್ದಾಗಿನ ಮಾತು. ೧೭ ಮೀಟರು ಹಗುರವಾದ ಹೊರೆಯ ಮಾತು. ತೋಳನ್ನು ಪೂರ್ತಿ ಮುಂದಕ್ಕೆ ಚಾಚಿದಾಗ ಇಂತಹ ಯಂತ್ರದ ಪಾಲಿಗೆ ಉಳಿಯುವುದು ಕೆಲವು ನೂರು ಕಿಲೋಗ್ರಾಂ ಮಾತ್ರ. ಯಾವ ಎತ್ತರಕ್ಕೆ, ಯಾವ ದೂರಕ್ಕೆ ಎಷ್ಟು ಭಾರ ಸಲ್ಲುತ್ತದೆ ಎಂಬುದನ್ನು ತೋರಿಸುವ ನಕ್ಷೆಯೊಂದು ಚಾಲಕನ ಗೂಡಿನಲ್ಲಿ ಇರುತ್ತದೆ. ತುದಿಯ ಸಲಕರಣೆ ಬದಲಾದರೆ ನಕ್ಷೆಯೂ ಬದಲಾಗಬೇಕು. ಹೊರೆಯ ಗಾತ್ರವನ್ನೂ ಗಮನಿಸಬೇಕು. ಅಗಲವಾದ ಪೆಟ್ಟಿಗೆಯ ನಡುವು ಕೈಗಳ ಬುಡದಿಂದ ದೂರ ಸರಿದಷ್ಟೂ ಎತ್ತುವ ಶಕ್ತಿ ಕುಗ್ಗುತ್ತದೆ.

ಹಿಂದಿನ ಅಚ್ಚಿನ ಮೇಲಿನ ಭಾರ ಕಡಿಮೆಯಾಗುತ್ತ ಬಂದಂತೆ ಹಸಿರು, ಹಳದಿ, ಕೆಂಪು ದೀಪಗಳಿಂದ ಎಚ್ಚರಿಸುವ ಉಪಕರಣಗಳು ಈಗ ಉಂಟು. ಯೂರೋಪಿನಲ್ಲಿ ೨೦೦೮ರಲ್ಲಿ ಇದಕ್ಕೆಂದೇ ಒಂದು ಪ್ರಮಾಣಸೂತ್ರವನ್ನು ಹೊರಡಿಸಿದರು. ಕೆಂಪು ದೀಪ ಹತ್ತಿದಾಗ ಅನನುಭವಿಯ ಕೈ ತೋಳನ್ನು ಕೆಳಗಿಳಿಸಲು ಹೋಗುತ್ತದೆ. ಇದು ದೊಡ್ಡ ಪ್ರಮಾದ. ಮೇಲೆ ನಿಂತ ತೋಳು ಕೆಳಗಿಳಿಯುವಾಗ ಹೊರೆ ಇನ್ನಷ್ಟು ಮುಂದಕ್ಕೆ ಹೋಗುತ್ತದೆ. ಮೊದಲು ತೋಳನ್ನು ಒಳಕ್ಕೆ ಎಳೆದುಕೊಳ್ಳಬೇಕು, ಆಮೇಲೆ ಇಳಿಸಬೇಕು.

ಈ ದೀಪ ಮುಂದಕ್ಕೆ ಮಗುಚುವ ಅಪಾಯವನ್ನು ಹೇಳುತ್ತದೆಯೇ ಹೊರತು ಪಕ್ಕಕ್ಕೆ ಉರುಳುವ ಅಪಾಯವನ್ನು ಹೇಳುವುದಿಲ್ಲ. ಅನೇಕ ಯಂತ್ರಗಳಲ್ಲಿ ಹಿಂದಿನ ಅಚ್ಚು ನಡುವೆ ಒಂದು ಕೀಲಿನ ಮೇಲೆ ತೂಗಾಡುವುದರಿಂದ, ನಾಲ್ಕು ಗಾಲಿಗಳಿದ್ದರೂ ಯಂತ್ರ ನಿಂತಿರುವುದು ಮುಕ್ಕಾಲು ಮಣೆಯಂತೆ ಮೂರೇ ನೆಲೆಗಳ ಮೇಲೆ. ಹೊರೆ ಮೇಲೇರಿದಾಗ ನೆಲದ ಸಣ್ಣ ಓರೆಯೂ ತುದಿಯಲ್ಲಿ ದೊಡ್ಡದಾಗುತ್ತದೆ. ಆದುದರಿಂದ ಚೌಕಟ್ಟನ್ನು ಮಟ್ಟಮಾಡಿಕೊಂಡ ಮೇಲೆಯೇ ಎತ್ತಬೇಕು. ಎತ್ತಿದ ಮೇಲೆ ಮಟ್ಟಮಾಡಲು ಹೋಗಬಾರದು. ಮಳೆಯಲ್ಲಿ ನೆನೆದ ನೆಲ, ಹೊಸದಾಗಿ ಮಣ್ಣು ಮುಚ್ಚಿದ ಕಾಲುವೆ, ಇವು ಕಣ್ಣಿಗೆ ಗಟ್ಟಿಯಾಗಿ ಕಂಡು ಭಾರಕ್ಕೆ ಕುಸಿಯುತ್ತವೆ. ಹೊರೆಯ ಕೆಳಗೆ ಯಾರೂ ಸುಳಿಯಬಾರದು. ಯಂತ್ರ ಉರುಳತೊಡಗಿದರೆ ಹಾರಿ ತಪ್ಪಿಸಿಕೊಳ್ಳುವೆನೆಂಬ ಚಾಲಕ ಅದರಡಿಗೇ ಬೀಳುವ ಸಂಭವ ಹೆಚ್ಚು. ಸೊಂಟಪಟ್ಟಿ ಬಿಗಿದು ಗೂಡಿನೊಳಗೆ ಉಳಿಯುವುದೇ ಕ್ಷೇಮ.

ನಮ್ಮಲ್ಲಿ ಇಂತಹ ಯಂತ್ರವನ್ನು ನಡೆಸುವವನು ರಾಯಚೂರಿನವನಿರಬಹುದು, ಬಿಹಾರದವನಿರಬಹುದು. ಭಾರದ ನಕ್ಷೆ ಗೆರೆ ಮತ್ತು ಅಂಕೆಗಳ ಚಿತ್ರವಾದ್ದರಿಂದ ಅದನ್ನು ಓದಲು ಇಂಗ್ಲಿಷು ಬರಬೇಕಾಗಿಲ್ಲ. ಅವನ ಮಾತಿನಲ್ಲಿ ಒಮ್ಮೆ ಕುಳಿತು ಹೇಳಿಕೊಡುವವರು ಬೇಕು. ಲಕ್ಷಗಟ್ಟಲೆ ರೂಪಾಯಿ ತೆತ್ತು ಯಂತ್ರ ತರುವ ಗುತ್ತಿಗೆದಾರರು ಈ ಕಲಿಕೆಗೆ ಕೆಲವು ದಿನಗಳನ್ನು ಕೊಡಲು ಹಿಂದೆಗೆಯಬಾರದು. ‘ಇಷ್ಟು ದೂರಕ್ಕೆ ಇಷ್ಟು ಭಾರ ಸಲ್ಲದು’ ಎಂದು ಚಾಲಕ ಹೇಳಿದಾಗ, ಮೇಸ್ತ್ರಿ ಅವಸರ ಮಾಡದೆ ಆ ಮಾತಿಗೆ ಬೆಲೆ ಕೊಡುವಂತಾಗಬೇಕು. ಅಂದು ಉಳಿಯುವುದು ಚಾಲಕನ ಪ್ರಾಣವೊಂದೇ ಅಲ್ಲ. ಸುತ್ತ ನಿಂತು ದುಡಿಯುವವರ ಪ್ರಾಣವೂ ಉಳಿಯುತ್ತದೆ.