ಎಂಜಿನ್ನಿನ ಪ್ಲಗ್ಗು ಮತ್ತು ಅದರ ವಯರು



ಮಳೆ ಎರಡು ದಿನ ಬಿಡುವು ಕೊಟ್ಟಿದೆ. ಅಡಕೆ ತೋಟಕ್ಕೆ ಎರಡನೆಯ ಸಲದ ಬೋರ್ಡೋ ದ್ರಾವಣ ಬೀಳಬೇಕು. ಮೈಲುತುತ್ತ ಕರಗಿಸಿದ್ದಾಗಿದೆ, ಸುಣ್ಣ ಕಲಸಿದ್ದಾಗಿದೆ, ಮರ ಹತ್ತುವವರು ಬಂದು ನಿಂತಿದ್ದಾರೆ. ಸಿಂಪಡಣೆಯ ಎಂಜಿನ್ನು ಮಾತ್ರ ಏಳಲೊಲ್ಲದು. ಹಗ್ಗ ಎಳೆದೆಳೆದು ರಟ್ಟೆ ಬಿದ್ದುಹೋಯ್ತು. ಕೂಡಿಸಿದ ದ್ರಾವಣವನ್ನು ಅದೇ ದಿನ ಮುಗಿಸಬೇಕು, ನಾಳೆಗೆಂದು ಇಡುವ ಹಾಗಿಲ್ಲ. ಅಷ್ಟರಲ್ಲಿ ಯಾರೋ ಒಬ್ಬರು "ಕಾರ್ಬುರೇಟರು ಬಿಚ್ಚೋಣ" ಅನ್ನುತ್ತಾರೆ, ಇನ್ನೊಬ್ಬರು "ಪೇಟೆಗೆ ಹೊತ್ತುಕೊಂಡು ಹೋಗೋಣ" ಅನ್ನುತ್ತಾರೆ. ಇಂಥ ಹೊತ್ತಿನಲ್ಲಿ ಎಲ್ಲಕ್ಕಿಂತ ಮೊದಲು ನೋಡತಕ್ಕದ್ದು ಎಂಜಿನ್ನಿನ ತಲೆಯ ಮೇಲೆ ಕೂತಿರುವ ಹೆಬ್ಬೆರಳು ಗಾತ್ರದ ಪ್ಲಗ್ಗನ್ನು ಮತ್ತು ಅದಕ್ಕೆ ಬರುವ ವಯರನ್ನು. ನೂರಿನ್ನೂರು ರೂಪಾಯಿಯ ಈ ಸಾಮಾನು ಕೆಟ್ಟಿದ್ದಕ್ಕೆ ಸಾವಿರಾರು ರೂಪಾಯಿಯ ರಿಪೇರಿ ಮಾಡಿಸಿದವರುಂಟು.

ನಾನು ಹೇಳುತ್ತಿರುವುದು ಪೆಟ್ರೋಲಿನ ಎಂಜಿನ್ನುಗಳ ಮಾತು: ಕಳೆ ಕೊಚ್ಚುವ ಯಂತ್ರ, ಸಿಂಪಡಣೆ ಯಂತ್ರ, ಸಣ್ಣ ನೀರೆತ್ತುವ ಪಂಪು, ಮರ ಕೊಯ್ಯುವ ಗರಗಸ. ಡೀಸೆಲ್ಲಿನ ಟಿಲ್ಲರು, ಟ್ರ್ಯಾಕ್ಟರುಗಳಲ್ಲಿ ಕಿಡಿ ಕೊಡುವ ಪ್ಲಗ್ಗೇ ಇರುವುದಿಲ್ಲ. ಅಲ್ಲಿ ಗಾಳಿಯನ್ನು ಒತ್ತಿ ಕಾಯಿಸಿದ ಬಿಸಿಗೇ ಎಣ್ಣೆ ಹತ್ತಿಕೊಳ್ಳುತ್ತದೆ. ಪೆಟ್ರೋಲಿಗೆ ಹಾಗಲ್ಲ, ಅದಕ್ಕೆ ಕಿಡಿ ತಾಗಿಸಬೇಕು. ಈ ಸಣ್ಣ ಎಂಜಿನ್ನುಗಳಲ್ಲಿ ತಿರುಗುವ ಗಾಲಿಗೆ ಅಯಸ್ಕಾಂತ ಕೂರಿಸಿರುತ್ತಾರೆ. ಅದು ಕಾಯಿಲಿನ ಮುಂದೆ ಹಾದುಹೋದಾಗಲೆಲ್ಲ ಹತ್ತು ಹದಿನೈದು ಸಾವಿರ ವೋಲ್ಟಿನ ವಿದ್ಯುತ್ತು ಹುಟ್ಟಿ, ವಯರಿನಲ್ಲಿ ಬಂದು, ಪ್ಲಗ್ಗಿನ ತುದಿಯ ಸಂದಿಯನ್ನು ಹಾರುತ್ತದೆ. ಆ ಹಾರುವುದೇ ಕಿಡಿ. ಎಂಜಿನ್ನು ಮಿನಿಟಿಗೆ 3,600 ಸುತ್ತು ತಿರುಗಿದರೆ ಸೆಕೆಂಡಿಗೆ 60 ಕಿಡಿ ಆಯಿತು. ಜರ್ಮನಿಯ ಬಾಷ್ ಕಾರ್ಖಾನೆಯಲ್ಲಿ ಗಾಟ್‌ಲೋಬ್ ಹೊನೋಲ್ಡ್ ಎಂಬ ಎಂಜಿನಿಯರು ಇಂಥ ಹೆಚ್ಚು ವೋಲ್ಟಿನ ಮ್ಯಾಗ್ನೆಟೋವನ್ನೂ ಅದಕ್ಕೆ ಹೊಂದುವ ಪ್ಲಗ್ಗನ್ನೂ ಸಿದ್ಧಗೊಳಿಸಿದ್ದು 1902ರಲ್ಲಿ. ನಮ್ಮ ಹಿರಿಯರ ಬಾಯಲ್ಲಿ "ಮೈಕೋ ಪ್ಲಗ್ಗು" ಎಂಬ ಮಾತಿತ್ತಲ್ಲ, ಆ ಮೈಕೋ 1951ರಲ್ಲಿ ಶುರುವಾದ ಕಂಪನಿ. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ಕಾರ್ಖಾನೆಯಿತ್ತು. 2008ರಲ್ಲಿ ಅದರ ಹೆಸರೂ ಬಾಷ್ ಎಂದೇ ಆಯಿತು.

ಸ್ಪಾನರು ಕೈಗೆತ್ತಿಕೊಳ್ಳುವ ಮೊದಲು ಮೂರು ಸಂಗತಿ ನೋಡಿಬಿಡಿ. ಸ್ವಿಚ್ಚು ಚಾಲೂ ಇದೆಯೆ? ನಗಬೇಡಿ, ಅರ್ಧ ಗಂಟೆ ಹಗ್ಗ ಎಳೆದ ಮೇಲೆ ಸ್ವಿಚ್ಚು ನೋಡಿದವರು ಬಹಳ ಮಂದಿ. ಎರಡನೆಯದು, ನಾಲ್ಕು ಸ್ಟ್ರೋಕಿನ ಕೆಲವು ಎಂಜಿನ್ನುಗಳಲ್ಲಿ ಒಳಗಿನ ಆಯಿಲು ಕಡಮೆಯಾದರೆ ಕಿಡಿಯನ್ನೇ ತಡೆಯುವ ಏರ್ಪಾಡು ಇರುತ್ತದೆ. ಆಯಿಲು ತುಂಬಿದರೆ ಎಂಜಿನ್ನು ಎದ್ದೀತು; ಹೊಸ ಪ್ಲಗ್ಗು ಹಾಕಿದರೆ ಏಳದು. ಇನ್ನು ಮೂರನೆಯದು ಪೆಟ್ರೋಲು. ಈಚೆಗೆ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿನವರೆಗೆ ಎಥನಾಲು ಬೆರೆತಿರುತ್ತದೆ, ಅದು ನೀರನ್ನು ಎಳೆದುಕೊಳ್ಳುವ ಪದಾರ್ಥ. ಹೋದ ಹಂಗಾಮಿನಲ್ಲಿ ಟ್ಯಾಂಕಿನಲ್ಲೇ ಬಿಟ್ಟ ಪೆಟ್ರೋಲಿದ್ದರೆ ಚೆಲ್ಲದೆ ಬೇರೆ ಡಬ್ಬಿಗೆ ಬಸಿದು, ಹೊಸದು ಹಾಕಿ ನೋಡಿ.

ಇಷ್ಟಾದರೂ ಏಳದಿದ್ದರೆ ಪ್ಲಗ್ಗು ಬಿಚ್ಚತಕ್ಕದ್ದು. ಎಂಜಿನ್ನು ತಣ್ಣಗಿರಬೇಕು. ಹೆಡ್ಡು ಅಲ್ಯೂಮಿನಿಯಮ್ಮಿನದು, ಪ್ಲಗ್ಗಿನ ಮೈ ಉಕ್ಕಿನದು. ಬಿಸಿಯಲ್ಲಿ ಜಗ್ಗಾಡಿದರೆ ಸೋಲುವುದು ಹೆಡ್ಡಿನ ಮರೆಯೇ. ಮರೆ ಕಿತ್ತುಹೋಯಿತೆಂದರೆ ನೂರು ರೂಪಾಯಿಯ ಕೆಲಸ ಸಾವಿರಕ್ಕೆ ಹೋಯಿತು. ಮೊದಲು ಸುತ್ತಲಿನ ಧೂಳು, ಹುಲ್ಲಿನ ಹೊಟ್ಟು ಎಲ್ಲವನ್ನೂ ಬ್ರಷ್ಷಿನಿಂದ ತೆಗೆದು ಸೈಕಲ್ ಪಂಪಿನಿಂದ ಊದಿಬಿಡಿ, ಇಲ್ಲವಾದರೆ ಪ್ಲಗ್ಗು ಹೊರಬಂದ ಕೂಡಲೇ ಮರಳು ಸಿಲಿಂಡರಿನೊಳಕ್ಕೆ ಇಳಿಯುತ್ತದೆ. ಟೊಪ್ಪಿಗೆಯನ್ನು ಕೀಳುವಾಗ ಟೊಪ್ಪಿಗೆಯನ್ನೇ ಹಿಡಿದು ಸ್ವಲ್ಪ ತಿರುವಿ ಎಳೆಯಿರಿ. ವಯರು ಹಿಡಿದು ಜಗ್ಗಕೂಡದು. ಪ್ಲಗ್ಗಿನ ಸ್ಪಾನರೇ ಬೇಕು. ಪಂಪಿನ ದೊಡ್ಡ ಪ್ಲಗ್ಗಿಗೆ ಸಾಮಾನ್ಯವಾಗಿ 21 ಮಿಲಿಮೀಟರಿನದು, ಕಳೆ ಯಂತ್ರದ ಪ್ಲಗ್ಗಿಗೆ 19ರದು ಅಥವಾ 16ರದು. ಪಕ್ಕದಿಂದ ಇಕ್ಕಳ ಹಾಕಿದರೆ ಬಿಳಿಯ ಪಿಂಗಾಣಿ ಬಿರಿಯುತ್ತದೆ. ಕೂದಲೆಳೆಯಷ್ಟು ಬಿರುಕು ಕಣ್ಣಿಗೆ ಕಾಣದು, ವಿದ್ಯುತ್ತಿಗೆ ಕಾಣುತ್ತದೆ. ಪ್ಲಗ್ಗು ಅಲುಗದಿದ್ದರೆ ತುಕ್ಕು ಬಿಡಿಸುವ ಎಣ್ಣೆ ನಾಲ್ಕು ತೊಟ್ಟು ಬಿಟ್ಟು ಒಂದು ಹೊತ್ತು ಸುಮ್ಮನಿರಿ.

ಹೊರಗೆ ಬಂದ ಪ್ಲಗ್ಗನ್ನು ಕೂಡಲೇ ಒರೆಸಬೇಡಿ. ವೈದ್ಯರು ನಾಲಗೆ ನೋಡಿದ ಹಾಗೆ ಮೊದಲು ಅದರ ತುದಿಯನ್ನು ನೋಡಿ. ತಿಳಿಯಾದ ಕಂದು ಬಣ್ಣವಿದ್ದರೆ ಎಂಜಿನ್ನಿನ ಒಳಗು ನೆಟ್ಟಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿ ಗಾಳಿ ಸಾಲದಾಗಿದೆ ಎಂದರ್ಥ. ಗಾಳಿಯ ಜಾಲರಿ ಮುಚ್ಚಿಹೋಗಿರಬೇಕು, ಅಥವಾ ಚೋಕು ಎಳೆದಿಟ್ಟೇ ಓಡಿಸುತ್ತಿರಬೇಕು. ಅದನ್ನು ಸರಿಮಾಡದೆ ಹೊಸ ಪ್ಲಗ್ಗು ಹಾಕಿದರೆ ಅದಕ್ಕೂ ನಾಲ್ಕು ದಿನದಲ್ಲಿ ಅದೇ ಗತಿ. ಪೆಟ್ರೋಲಿನಲ್ಲಿ ಎಬ್ಬಿಸಿ ಸೀಮೆಎಣ್ಣೆಯಲ್ಲಿ ಓಡಿಸುವ ಹಳೆಯ ಪಂಪು ಇನ್ನೂ ಕೆಲವರ ಮನೆಯಲ್ಲಿ ಉಂಟು. ಅವರಿಗೆ ಈ ಮಸಿಯ ಕಾಟ ಹೆಚ್ಚು. ನಿಲ್ಲಿಸುವ ಮುಂಚೆ ಒಂದೆರಡು ಮಿನಿಟು ಪೆಟ್ರೋಲಿಗೆ ತಿರುಗಿಸಿ ಓಡಿಸಿದರೆ ಕಾಟ ಕಡಮೆಯಾಗುತ್ತದೆ. ತುದಿ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿ ಬರುತ್ತಿಲ್ಲ, ಇಲ್ಲವೆ ಚೋಕು ಅತಿಯಾಗಿದೆ. ಎಣ್ಣೆಯ ಜಿಡ್ಡಿದ್ದರೆ, ನಾಲ್ಕು ಸ್ಟ್ರೋಕಿನಲ್ಲಿ ರಿಂಗು ಸವೆದಿದ್ದೀತು. ಎರಡು ಸ್ಟ್ರೋಕಿನಲ್ಲಾದರೆ ಬಹುಮಟ್ಟಿಗೆ ನಮ್ಮ ಧಾರಾಳ ಕೈಯೇ ಕಾರಣ. "ಒಂದಿಷ್ಟು ಜಾಸ್ತಿ ಆಯಿಲು ಬಿದ್ದರೆ ಎಂಜಿನ್ನು ತಂಪಾಗಿರುತ್ತೆ" ಅಂತ ಹೇಳುವವರ ಮಾತು ಕೇಳಬೇಡಿ. ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರು, 25ಕ್ಕೆ 1 ಎಂದಿದ್ದರೆ 40. ಅಂದಾಜಿನ ಮೇಲೆ ಸುರಿಯಕೂಡದು, ಅಳೆದು ಹಾಕಬೇಕು. ಇನ್ನು ತುದಿ ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಎಚ್ಚರವಾಗಿರಿ. ಎಂಜಿನ್ನು ಅತಿಯಾಗಿ ಕಾಯುತ್ತಿದೆ. ಸಿಲಿಂಡರಿನ ರೆಕ್ಕೆಗಳ ನಡುವೆ ಕಸ ತುಂಬಿದೆಯೆ, ಎಲ್ಲಾದರೂ ಗಾಳಿ ಸೇರಿಕೊಳ್ಳುತ್ತಿದೆಯೆ, ತಪ್ಪು ನಂಬರಿನ ಪ್ಲಗ್ಗು ಹಾಕಿದೆಯೆ ಎಂದು ನೋಡಿಸಿ.

ನಂಬರಿನ ಮಾತು ಬಂತು. ಪ್ಲಗ್ಗಿನ ಮೇಲೆ ಬರೆದ ಅಕ್ಷರ ಅಂಕಿಗಳು ಅಲಂಕಾರಕ್ಕಲ್ಲ. ಎನ್‌ಜಿಕೆ ಕಂಪನಿಯ ಬಿಪಿಆರ್6ಇಎಸ್ ಎಂಬುದನ್ನೇ ತೆಗೆದುಕೊಳ್ಳಿ, ಬಹಳ ಪಂಪುಗಳಲ್ಲಿ ಇರುವುದು ಇದೇ. ಬಿ ಎಂದರೆ ಮರೆಯ ಅಡ್ಡಳತೆ 14 ಮಿಲಿಮೀಟರು, ಇ ಎಂದರೆ ಮರೆಯ ಉದ್ದ 19 ಮಿಲಿಮೀಟರು, ನಡುವಿನ 6 ಶಾಖದ ಅಂಕಿ. ಮರೆ ಉದ್ದವಾದ ಪ್ಲಗ್ಗನ್ನು ಗಿಡ್ಡ ತೂತಿನಲ್ಲಿ ಹಾಕಿದರೆ ಪಿಸ್ಟನ್ನು ಬಂದು ಗುದ್ದಬಹುದು. ಶಾಖದ ಅಂಕಿಯಲ್ಲಿ ಇನ್ನೊಂದು ತೊಡಕುಂಟು: ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ತಂಪಿನ ಪ್ಲಗ್ಗು, ಬಾಷ್ ಮತ್ತು ಚಾಂಪಿಯನ್ನಿನಲ್ಲಿ ಅಂಕಿ ಏರಿದಷ್ಟೂ ಬಿಸಿಯ ಪ್ಲಗ್ಗು. ಆದುದರಿಂದ "ಇದೂ ಆರು, ಅದೂ ಆರು" ಎಂದು ಅಂಗಡಿಯವನು ಕೈಗಿತ್ತದ್ದನ್ನು ತರಬಾರದು. ಹಳೆಯ ಪ್ಲಗ್ಗನ್ನೂ ಎಂಜಿನ್ನಿನ ಪುಸ್ತಕವನ್ನೂ ಜೊತೆಯಲ್ಲಿ ಒಯ್ಯಿರಿ. ಗುರುತಿನ ಅಂಗಡಿಯಲ್ಲಿ ರಸೀತಿ ಸಹಿತ ಕೊಳ್ಳಿರಿ. ನಕಲಿ ಮಾಲು ಪೇಟೆಯಲ್ಲಿ ಇದೆ.

ಹಳೆಯದನ್ನೇ ಮತ್ತೆ ಹಾಕುವುದಾದರೆ ಪೆಟ್ರೋಲಿನಲ್ಲಿ ಅದ್ದಿದ ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ ಒಣಗಿಸಿ. ಉಜ್ಜುಕಾಗದ ಬೇಡ, ಅದರ ಹರಳು ಒಳಗೇ ಉಳಿಯುತ್ತದೆ. ಮಧ್ಯದ ಕಡ್ಡಿಯ ಅಂಚು ಸವೆದು ದುಂಡಗಾಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಬದಲಾಯಿಸಿ. ಕಡ್ಡಿಗೂ ಬಾಗಿದ ಕೊಕ್ಕೆಗೂ ನಡುವಿನ ಸಂದಿ, ಪಂಪಿನ ಎಂಜಿನ್ನಿಗೆ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರು, ಕಳೆ ಯಂತ್ರಕ್ಕೆ 0.5ರಿಂದ 0.7, ಅವರವರ ಪುಸ್ತಕದಲ್ಲಿ ಇದ್ದ ಹಾಗೆ. ಅಳೆಯುವ ತಗಡು ಇಲ್ಲದ ಹೊತ್ತಿನಲ್ಲಿ ಕಬ್ಬಿಣ ಕೊಯ್ಯುವ ಕೈಗರಗಸದ ಬ್ಲೇಡಿನ ಬೆನ್ನು ಉಪಯೋಗಕ್ಕೆ ಬರುತ್ತದೆ, ಅದು ಸುಮಾರು 0.6 ಮಿಲಿಮೀಟರಿಗಿಂತ ಚೂರು ದಪ್ಪ. ಬಗ್ಗಿಸುವುದು ಹೊರಗಿನ ಕೊಕ್ಕೆಯನ್ನು ಮಾತ್ರ. ಮಧ್ಯದ ಕಡ್ಡಿಯನ್ನು ಮುಟ್ಟಬೇಡಿ. ಹೊಸ ಪ್ಲಗ್ಗಿಗೂ ಈ ಅಳತೆ ನೋಡಲೇಬೇಕು.

ಕೂರಿಸುವಾಗ ಅವಸರ ಬೇಡ. ಸ್ಪಾನರು ಪಕ್ಕಕ್ಕಿಟ್ಟು ಬೆರಳಿನಿಂದಲೇ ತಿರುಗಿಸಿ. ಎರಡು ಸುತ್ತಿಗೇ ಬಿಗಿಯಾದರೆ ಮರೆ ಓರೆಯಾಗಿ ಹತ್ತಿದೆ ಎಂದು ತಿಳಿದು, ಹಿಂದಕ್ಕೆ ತಿರುಗಿಸಿ ಹೊಸದಾಗಿ ಹಿಡಿಯಿರಿ. ಬುಡದ ವಾಷರು ಹೆಡ್ಡಿಗೆ ತಾಗುವವರೆಗೆ ಬೆರಳೇ ಸಾಕು. ಆಮೇಲೆ ಪಂಪಿನ ಎಂಜಿನ್ನಿನಲ್ಲಿ ಹೊಸ ಪ್ಲಗ್ಗಾದರೆ ಸ್ಪಾನರಿನಿಂದ ಅರ್ಧ ಸುತ್ತು, ಹಳೆಯದಾದರೆ ಕಾಲು ಸುತ್ತಿನೊಳಗೆ. ಅಲ್ಲಿಗೆ ನಿಲ್ಲಿಸಿ. ಸ್ಪಾನರಿನ ಮೇಲೆ ಕಾಲಿಡುವ ಶೂರರಿಂದ ಎಂಜಿನ್ನನ್ನು ದೂರವಿಡಿ.

ಹೊಸ ಪ್ಲಗ್ಗು ಹಾಕಿದರೂ ರೋಗ ಹೋಗಲಿಲ್ಲವೆ? ಬಿಸಿಲಲ್ಲಿ ಓಡುವ ಎಂಜಿನ್ನು ಮಂಜಿನಲ್ಲಿ, ಮಳೆಯಲ್ಲಿ ಮುಷ್ಕರ ಹೂಡುತ್ತದೆಯೆ? ಹಾಗಾದರೆ ವಯರಿನ ಮೇಲೆ ಅನುಮಾನ ಪಡಿ. ವಯರಿನ ಹೊದಿಕೆ ಕೆಲವು ವರ್ಷದಲ್ಲಿ ಗಟ್ಟಿಯಾಗಿ ಸೀಳುತ್ತದೆ. ಸೀಳಿನಲ್ಲಿ ತೇವ ಸೇರಿದರೆ ವಿದ್ಯುತ್ತು ಪ್ಲಗ್ಗಿನವರೆಗೆ ಹೋಗುವ ಶ್ರಮ ಪಡದೆ ಅಲ್ಲಿಯೇ ಎಂಜಿನ್ನಿನ ಮೈಗೆ ಹಾರುತ್ತದೆ. ರಾತ್ರಿ ದೀಪ ಆರಿಸಿ ದೂರ ನಿಂತು ನೋಡಿದರೆ ಓಡುವ ಎಂಜಿನ್ನಿನ ವಯರಿನ ಮೇಲೆ ನೀಲಿ ಕಿಡಿ ಹರಿದಾಡುವುದು ಕಾಣಿಸುತ್ತದೆ. ಆಗ ಕೈ ಹಾಕಬೇಡಿ, ಹೊಡೆತ ಜೋರು. ಹಲವು ಯಂತ್ರಗಳಲ್ಲಿ ಟೊಪ್ಪಿಗೆ ವಯರಿನ ತುದಿಗೆ ಮರೆಯಂತೆ ತಿರುಗಿ ಹಿಡಿದಿರುತ್ತದೆ. ತುದಿ ಹಸಿರುಗಟ್ಟಿದ್ದರೆ ಅರ್ಧ ಸೆಂಟಿಮೀಟರು ಕತ್ತರಿಸಿ ಹೊಸ ತಾಮ್ರ ಕಾಣುವಂತೆ ಮಾಡಿ ಟೊಪ್ಪಿಗೆಯನ್ನು ಮತ್ತೆ ತಿರುಗಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ವಯರೇ ಸೀಳಿದ್ದರೆ ಬದಲಾಯಿಸಬೇಕು. ಮೇಲೆ ಟೇಪು ಸುತ್ತಿದ್ದು ಆ ದಿನದ ಕೆಲಸಕ್ಕೆ ಆದೀತು, ಅದಕ್ಕಿಂತ ಹೆಚ್ಚಿಗೆ ನಂಬಬೇಡಿ. ಕೆಲವು ಎಂಜಿನ್ನುಗಳಲ್ಲಿ ವಯರು ಕಾಯಿಲಿನ ಜೊತೆಗೇ ಎರಕವಾಗಿರುತ್ತದೆ. ಆಗ ಕಾಯಿಲು ಸಮೇತ ಹೊಸದು. ಕಾಯಿಲಿಗೂ ಗಾಲಿಗೂ ನಡುವೆ 0.4 ಮಿಲಿಮೀಟರಿನ ಆಸುಪಾಸು ಸಂದಿ ಬಿಡಬೇಕಾಗುವುದರಿಂದ ಆ ಕೆಲಸವನ್ನು ಬಲ್ಲವರ ಕೈಗೆ ಕೊಡುವುದು ಮೇಲು.

ಹಳೆಯ ಪೆಟ್ರೋಲ್ ಜೀಪು ಇಟ್ಟುಕೊಂಡವರಿಗೆ ಒಂದು ಮಾತು. ಅಲ್ಲಿ ನಾಲ್ಕು ಪ್ಲಗ್ಗು, ನಾಲ್ಕು ವಯರು; ಕಿಡಿ 1, 3, 4, 2 ಎಂಬ ಸರದಿಯಲ್ಲಿ ಬೀಳುತ್ತದೆ. ನಾಲ್ಕನ್ನೂ ಒಟ್ಟಿಗೆ ಕಿತ್ತಿಟ್ಟರೆ ಯಾವುದು ಎಲ್ಲಿಯದೆಂದು ತಿಳಿಯದೆ ದಿನವೆಲ್ಲ ಹೋದೀತು. ಒಂದನ್ನು ಬಿಚ್ಚಿ, ಅದೇ ಉದ್ದದ ಹೊಸದನ್ನು ಹಾಕಿ, ಆಮೇಲೆ ಎರಡನೆಯದಕ್ಕೆ ಹೋಗಿ.

ಇನ್ನು ಕಿಡಿ ಪರೀಕ್ಷೆ. ಇದರಲ್ಲಿ ಮೈ ಸುಟ್ಟುಕೊಳ್ಳುವ ಅಪಾಯವಿರುವುದರಿಂದ ಗಮನವಿಟ್ಟು ಕೇಳಿ. ಪ್ಲಗ್ಗು ಬಿಚ್ಚಿದ ತೂತಿನ ಪಕ್ಕದಲ್ಲೇ ಕಿಡಿ ಹಾರಿಸಿ ನೋಡುವ ಅಭ್ಯಾಸ ಬಹಳ ಕಡೆ ಇದೆ. ಹಗ್ಗ ಎಳೆದಾಗ ಆ ತೂತಿನಿಂದ ಪೆಟ್ರೋಲಿನ ಆವಿ ಚಿಮ್ಮುತ್ತದೆ, ಎದುರಿಗೆ ಕಿಡಿ; ಮುಂದಿನದು ಹೇಳಬೇಕಾಗಿಲ್ಲ. ಹೀಗೆ ಮಾಡಿ: ಪೆಟ್ರೋಲಿನ ನಲ್ಲಿ ಮುಚ್ಚಿ, ಚೆಲ್ಲಿದ್ದನ್ನು ಒರೆಸಿ, ಗಾಳಿಯಾಡುವ ಬಯಲಿಗೆ ತನ್ನಿ. ಹಳೆಯ ಪ್ಲಗ್ಗು ತೂತಿನಲ್ಲೇ ಬಿಗಿಯಾಗಿರಲಿ. ಬೇರೊಂದು ಒಳ್ಳೆಯ ಪ್ಲಗ್ಗನ್ನು ಟೊಪ್ಪಿಗೆಗೆ ಸಿಕ್ಕಿಸಿ, ರಬ್ಬರು ಹಿಡಿಕೆಯ ಇಕ್ಕಳದಿಂದ ಅದರ ಲೋಹದ ಮೈಯನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿಹಿಡಿದು, ಇನ್ನೊಬ್ಬರಿಂದ ಹಗ್ಗ ಎಳೆಸಿ. ನೀಲಿಯ ಚುರುಕಾದ ಕಿಡಿ ಬಂದರೆ ವಯರೂ ಕಾಯಿಲೂ ಬಹುಮಟ್ಟಿಗೆ ಸರಿ ಇವೆ. ಕಿಡಿ ಇಲ್ಲದಿದ್ದರೆ ದೋಷ ಪ್ಲಗ್ಗಿನದಲ್ಲ. ಟೊಪ್ಪಿಗೆಯನ್ನು ಗಾಳಿಯಲ್ಲಿ ತೂಗಬಿಟ್ಟು ಮಾತ್ರ ಹಗ್ಗ ಎಳೆಯಬೇಡಿ. ಹಾರಲು ದಾರಿ ಸಿಗದ ವಿದ್ಯುತ್ತು ಕಾಯಿಲಿನ ಒಳಗನ್ನೇ ಸೀಳಿಬಿಡಬಹುದು. ಇನ್ನು ಕಳೆ ಯಂತ್ರದ ಅಲಗಿಗೆ ಸುತ್ತಿಕೊಂಡ ಬಳ್ಳಿ ಬಿಡಿಸುವಾಗ, ಅಲಗು ಬದಲಿಸುವಾಗ, ಮನೆಯ ಹೆಣ್ಣುಮಕ್ಕಳಾಗಲಿ ಗಂಡಸರಾಗಲಿ ಎಂಜಿನ್ನು ನಿಲ್ಲಿಸಿ, ಮೊದಲು ಪ್ಲಗ್ಗಿನ ಟೊಪ್ಪಿಗೆ ಕಿತ್ತು ಪಕ್ಕಕ್ಕೆ ಸರಿಸಿ, ಆಮೇಲೆ ಕೈ ಹಾಕುವುದು.

ಪಂಪಿನ ಪ್ಲಗ್ಗನ್ನು 100 ಗಂಟೆ ಓಡಿದ ಮೇಲೆ ಒಮ್ಮೆ ಬಿಚ್ಚಿ ನೋಡಿ, 300 ಗಂಟೆಗೆ ಅಥವಾ ವರ್ಷಕ್ಕೊಮ್ಮೆ ಬದಲಾಯಿಸಿ. ಹಂಗಾಮು ಮುಗಿದ ಮೇಲೆ ಯಂತ್ರವನ್ನು ಹುಲ್ಲಿನ ಅಟ್ಟದ ಕೆಳಗೆ ಇಡಬೇಡಿ, ಇಲಿಗಳು ವಯರನ್ನು ಕಡಿಯುತ್ತವೆ. ಸರಿಯಾದ ನಂಬರಿನ ಒಂದು ಹೊಸ ಪ್ಲಗ್ಗು, ಪ್ಲಗ್ಗಿನ ಸ್ಪಾನರು, ಒಂದು ಟೊಪ್ಪಿಗೆ, ಇಷ್ಟನ್ನು ಒಣ ಡಬ್ಬಿಯಲ್ಲಿ ಹಾಕಿ ಮುಚ್ಚಳದ ಮೇಲೆ ಪ್ಲಗ್ಗಿನ ನಂಬರನ್ನೂ ಬದಲಾಯಿಸಿದ ತಾರೀಕನ್ನೂ ಬರೆದು ಯಂತ್ರದ ಹತ್ತಿರವೇ ತೂಗುಹಾಕಿ.