ಚೇಳಿನ ವಿಷ: ಪ್ರಾರ್ಥನೆಯೂ ಇರಲಿ, ಆಸ್ಪತ್ರೆಯೂ ಇರಲಿ



ಮಗುವಿಗೆ ಚೇಳು ಕುಟುಕಿದೊಡನೆ ನಮ್ಮಲ್ಲಿ ಅನೇಕರು ಮೊದಲು ಓಡುವುದು ಊದಿ ಮಂತ್ರಿಸುವವರ ಮನೆಗೆ. ಅಲ್ಲಿ ನೀರು ಊದಿಸಿ, ದಾರ ಕಟ್ಟಿಸಿ, ನೋವು ಇಳಿಯಿತೇ ಎಂದು ಕಾದು, ಇಳಿಯದಿದ್ದಾಗ ಮಾತ್ರ ನಮಗೆ ಆಸ್ಪತ್ರೆಯ ನೆನಪಾಗುತ್ತದೆ. ಕಳೆದುಹೋದ ಆ ಕೆಲವು ಗಂಟೆಗಳಿಗೆ ಮಗುವಿನ ಪ್ರಾಣವೇ ಬೆಲೆಯಾಗಬಹುದು.

ಊದಿದ ಮೇಲೆ ಗುಣವಾದುದನ್ನು ನಾವೇ ಕಂಡಿದ್ದೇವಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ. ಹೆಚ್ಚಿನ ಕುಟುಕುಗಳಲ್ಲಿ ನೋವಿನ ಹೊರತು ಬೇರೇನೂ ಆಗುವುದಿಲ್ಲ. ಊದದಿದ್ದರೂ ಅದು ಇಳಿಯುತ್ತದೆ. ಆದರೆ ಮಹಾರಾಷ್ಟ್ರದ ಕೊಂಕಣದಲ್ಲೂ ನಮ್ಮ ಕರ್ನಾಟಕದಲ್ಲೂ ಇರುವ ಕೆಂಪು ಚೇಳಿನ ಮಾತು ಬೇರೆ. ಅದರ ವಿಷವು ನರಗಳನ್ನು ಕೆರಳಿಸಿ, ರಕ್ತನಾಳಗಳನ್ನು ಬಿಗಿದು, ಹೃದಯವನ್ನು ದಣಿಸಿ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿಸುತ್ತದೆ. ಪುಟ್ಟ ದೇಹಕ್ಕೆ ಅಪಾಯ ಹೆಚ್ಚು. ಇಂತಹ ಮಗುವಿಗೆ ನೋವು ಕಡಿಮೆಯೇ ಇರಬಹುದು. ವಾಂತಿ, ಮೈತುಂಬ ಬೆವರು, ತಣ್ಣಗಾದ ಕೈಕಾಲುಗಳು ಅಪಾಯದ ಲಕ್ಷಣಗಳು.

ಕೊಂಕಣದ ಮಹಾಡ್ ಎಂಬ ಊರಿನಲ್ಲಿ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ ಇಂತಹ ಮಕ್ಕಳ ಸಾವನ್ನು ಕಣ್ಣಾರೆ ಕಂಡರು. ರಕ್ತದೊತ್ತಡಕ್ಕೆ ಕೊಡುವ ಪ್ರಾಝೋಸಿನ್ ಎಂಬ ಅಗ್ಗದ ಮಾತ್ರೆ ಈ ಬಿಗಿತವನ್ನು ಸಡಿಲಿಸುತ್ತದೆಂದು ತೋರಿಸಿ, 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಗಂಭೀರ ಪ್ರಕರಣಗಳಲ್ಲಿ ಶೇಕಡಾ 30ರಷ್ಟಿದ್ದ ಸಾವು ಕ್ರಮೇಣ ಶೇಕಡಾ 1ರ ಆಸುಪಾಸಿಗೆ ಇಳಿಯಿತು. ಜೊತೆಗೆ ಪ್ರತಿವಿಷವನ್ನೂ ಕೊಟ್ಟರೆ ಚೇತರಿಕೆ ಇನ್ನೂ ಬೇಗ ಎಂದು 2011ರಲ್ಲಿ ಅವರ ಅಧ್ಯಯನ ತಿಳಿಸಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆದರೆ ಈ ಮಾತ್ರೆಯನ್ನು ಮನೆಯಲ್ಲಿ ನಾವೇ ಕೊಡಬಾರದು; ಮಗುವಿನ ತೂಕ ನೋಡಿ, ರಕ್ತದೊತ್ತಡ ಗಮನಿಸುತ್ತಾ ವೈದ್ಯರೇ ಕೊಡಬೇಕು. ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡವೇ ಬೇಡ.

ಹಾಗಾದರೆ ಪ್ರಾರ್ಥನೆ ವ್ಯರ್ಥವೇ? ಖಂಡಿತ ಅಲ್ಲ. ಚೇಳು ಕುಟುಕಿದ ಗೋತ್ರ ನಾಯಕನ ಮೇಲೆ ಸಹಾಬಿಯೊಬ್ಬರು ಸೂರಃ ಫಾತಿಹಾ ಓದಿದ ಘಟನೆಯನ್ನು ನಾವೆಲ್ಲ ಮದ್ರಸದಲ್ಲಿ ಕಲಿತಿದ್ದೇವೆ. ಆದರೆ ಇನ್ನೊಂದು ಘಟನೆಯನ್ನು ನಾವು ಮರೆತಿದ್ದೇವೆ. ನಮಾಝಿನಲ್ಲಿದ್ದಾಗ ಸ್ವತಃ ಪ್ರವಾದಿವರ್ಯರಿಗೆ(ಸ) ಚೇಳು ಕುಟುಕಿದಾಗ ಅವರು ನೀರು ಮತ್ತು ಉಪ್ಪು ತರಿಸಿ ಗಾಯಕ್ಕೆ ಹಚ್ಚುತ್ತಾ ಕುರ್‌ಆನ್ ಓದಿದರೆಂದು ಹದೀಸ್ ಗ್ರಂಥದಲ್ಲಿ ವರದಿಯಾಗಿದೆ. ಕೈಯಲ್ಲಿ ಅಂದಿನ ಔಷಧ, ನಾಲಗೆಯಲ್ಲಿ ಪ್ರಾರ್ಥನೆ. ಒಂದಕ್ಕಾಗಿ ಇನ್ನೊಂದನ್ನು ಅವರು ಕಾಯಿಸಲಿಲ್ಲ.

ಆದ್ದರಿಂದ ಫಾತಿಹಾ ಓದೋಣ. ಆಸ್ಪತ್ರೆಯ ದಾರಿಯಲ್ಲಿ ಓದೋಣ. ತಾಯಿಯ ಪ್ರಾರ್ಥನೆಗೆ ಮಧ್ಯವರ್ತಿ ಬೇಕಿಲ್ಲ. ಮೊಹಲ್ಲಾದ ಜಮಾಅತ್‌ಗಳು ರಾತ್ರಿ ವೇಳೆಗೊಂದು ವಾಹನ ಗೊತ್ತುಮಾಡಿಡಲಿ. ಪ್ರಾಝೋಸಿನ್ ಮತ್ತು ಪ್ರತಿವಿಷ ತಾಲೂಕು ಆಸ್ಪತ್ರೆಯಲ್ಲಿ ಇವೆಯೇ ಎಂದು ಇಂದೇ ವಿಚಾರಿಸೋಣ. ಇಲ್ಲವಾದರೆ ಜನಪ್ರತಿನಿಧಿಗಳನ್ನು ಪ್ರಶ್ನಿಸೋಣ. ಅದು ನಮ್ಮೊಬ್ಬರ ಹಕ್ಕಲ್ಲ, ಊರಿನ ಎಲ್ಲ ಮಕ್ಕಳ ಹಕ್ಕು.

ಮಕ್ಕಳು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಅದನ್ನು ಕಾಪಾಡುವ ವಿವೇಕವನ್ನು ಅವನು ನಮಗೆ ದಯಪಾಲಿಸಲಿ. ಆಮೀನ್.